ಬೆಂಕಿಗೆ ಹಿಡಿದ ಪೆಟ್ಟಿಗೆ

ನನ್ನ ಬಲ ಭುಜ ಎಡಕ್ಕಿಂತ ಒಂದಿಷ್ಟು ಇಳಿದಿದೆ. ಅಂಗಿಗೆ ಅಳತೆ ತೆಗೆಯುವ ದರ್ಜಿಗಳೆಲ್ಲ ಇದನ್ನು ಕಂಡುಹಿಡಿದು, ದೊಡ್ಡ ರೋಗ ಪತ್ತೆ ಮಾಡಿದವರಂತೆ ನನಗೇ ತಿಳಿಸುತ್ತಾರೆ. ನಾನು ಹೂಂ ಅನ್ನುತ್ತೇನೆ. ಎಪ್ಪತ್ತರ ದಶಕದಲ್ಲಿ ಒಂದು ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಹೊತ್ತು ದುರ್ಗದ ಸುತ್ತಮುತ್ತಲಿನ ಬಸ್‌ಸ್ಟ್ಯಾಂಡುಗಳನ್ನೆಲ್ಲ ತಿರುಗಿದ್ದರ ಗುರುತು ಅದು ಅಂತ ಯಾರಿಗೆ ವಿವರಿಸುತ್ತ ಕೂರಲಿ? ಗಿಟಾರಿಗೆ ಆಂಪ್ಲಿಫೈಯರ್ ಆರಿಸುವುದು ಕಿವಿಯ ಕೆಲಸ ಅಂತ ಈಗಿನ ಅಂಗಡಿಯವರು ಹೇಳುತ್ತಾರೆ. ನನ್ನನ್ನು ಕೇಳಿದರೆ ಅದು ಬೆನ್ನಿನ ಕೆಲಸ. ಕಿವಿಯ ಸರದಿ ಆಮೇಲೆ ಬರುತ್ತದೆ, ಅದೂ ಕೆಲವರಿಗೆ ಬರುವುದೇ ಇಲ್ಲ.

ಆಗ ನಾನು ದುರ್ಗದ ಒಂದು ಹತ್ತಿ ಮಿಲ್ಲಿನಲ್ಲಿ ಗುಮಾಸ್ತ. ಮನೆ ಊರಾಚೆಯ ಮದಕರಿಪುರದಲ್ಲಿ. ಕೆಲಸ ಬಿಟ್ಟ ಮೇಲೆ ಮದುವೆ, ನಾಮಕರಣ, ಗಣಪತಿ ಪೆಂಡಾಲು ಅಂತ ಹಾಡು ಬಾರಿಸುವ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರು ಹಿಡಿಯುತ್ತಿದ್ದೆ. ಕರೆಂಟಿನ ಗಿಟಾರು. ಊರಿನಲ್ಲಿ ಅದನ್ನು ನೋಡಿದವರು ಮೊದಲು ಕೇಳುತ್ತಿದ್ದದ್ದು ಇದು ಶಾಕ್ ಹೊಡೆಯುತ್ತದೋ ಇಲ್ಲವೋ ಅಂತ. ಹೊಡೆಯುತ್ತಿತ್ತು. ಅದರ ತಂತಿ ಮುಟ್ಟಿಕೊಂಡೇ ಮೈಕಿಗೆ ತುಟಿ ತಾಗಿಸಿದರೆ ಹಲ್ಲು ಜುಮ್ಮೆನ್ನುತ್ತಿತ್ತು.

ನಮ್ಮ ಯಜಮಾನ ಅಂದರೆ ಆರ್ಕೆಸ್ಟ್ರಾದ ಹಾಡುಗಾರ. ಹಗಲು ತಾಲೂಕು ಕಚೇರಿಯ ಕೆಲಸ, ಸಂಜೆ ಗಾನ. ದನಿ ಸಣ್ಣದು, ಆದರೆ ಸಕ್ಕರೆ. ಜೀವನದಲ್ಲಿ ಆತನಿಗಿದ್ದ ಒಂದೇ ಹೆಮ್ಮೆ ಅದು. ಬಾಡಿಗೆ ಮೈಕುಗಳು ಆ ದನಿಯನ್ನು ಕೆಡಿಸಿ ಕೆಡಿಸಿ ಆತನಿಗೆ ತಲೆ ಕೆಟ್ಟುಹೋಗಿತ್ತು. ಕೊನೆಗೆ ನಾವೆಲ್ಲ ಸೇರಿ ಸ್ವಂತದ್ದೊಂದು ಪೆಟ್ಟಿಗೆ ತರೋಣ ಅಂತ ತೀರ್ಮಾನವಾಯಿತು. ಒಂದೇ ಪೆಟ್ಟಿಗೆ. ಅದರಲ್ಲೇ ಆತನ ಹಾಡೂ ಬರಬೇಕು, ಅಕಾರ್ಡಿಯನ್ನೂ ಬರಬೇಕು, ಗಂಡಿನ ಕಡೆಯ ಹಿರಿಯರು ಮೈಕು ಕಿತ್ತುಕೊಂಡು ಆಶೀರ್ವಾದ ಮಾಡಿದರೆ ಅದೂ ಬರಬೇಕು, ನನ್ನ ಗಿಟಾರೂ ಬರಬೇಕು.

ನನಗೆ ಬೇಕಾದ ಸದ್ದೇ ಬೇರೆ. ಮಿಲ್ಲಿನ ಮೆಕ್ಯಾನಿಕ್ಕಿನ ರೇಡಿಯೋದಲ್ಲಿ ಶಾರ್ಟ್‌ವೇವ್ ಮುಳ್ಳನ್ನು ಆಚೀಚೆ ತಿರುಗಿಸುವಾಗ ಒಮ್ಮೊಮ್ಮೆ ಹೊರದೇಶದ ರಾಕ್ ಸಂಗೀತ ಸಿಗುತ್ತಿತ್ತು. ಅದರಲ್ಲಿ ಗಿಟಾರು ಹಾಡುತ್ತಿರಲಿಲ್ಲ, ಗುರುಗುಡುತ್ತಿತ್ತು. ಕಬ್ಬಿಣದ ಗೇಟನ್ನು ಕಲ್ಲುಚಪ್ಪಡಿಯ ಮೇಲೆ ಎಳೆದ ಹಾಗೆ, ಆದರೆ ಶ್ರುತಿಯಲ್ಲಿ. ಅದಕ್ಕೆ ಡಿಸ್ಟಾರ್ಷನ್ ಅನ್ನುತ್ತಾರೆ, ಆಂಪ್ಲಿಫೈಯರನ್ನು ಅದರ ತಾಕತ್ತು ಮೀರಿ ಅರಚಿಸಿದರೆ ಬರುತ್ತದೆ ಅಂತ ಮೆಕ್ಯಾನಿಕ್ಕು ಹೇಳಿದ. ಕೇಳಿದ ಕ್ಷಣವೇ ನನಗೆ ಹೊಳೆದದ್ದು ಒಂದೇ: ಇದಾದರೆ ಅಪ್ಪನಿಗೆ ಕೇಳಿಸುತ್ತದೆ.

ಅಪ್ಪ ಡೊಳ್ಳು ಬಾರಿಸುವವನು. ನಮ್ಮದು ಕುರಿ ಕಾಯುವ ಮನೆ. ಹಗಲು ಕುರಿ, ದೇವರ ಕೆಲಸ ಬಂದಾಗ ಡೊಳ್ಳು. ಪ್ರಾಯದಿಂದ ಆ ಸದ್ದಿನೊಳಗೇ ನಿಂತ ಅಪ್ಪನ ಕಿವಿ ನನಗೆ ಬುದ್ಧಿ ಬರುವ ಹೊತ್ತಿಗೇ ಹೋಗಿತ್ತು. ಡೊಳ್ಳು ಕೇಳುತ್ತಿತ್ತು, ಗುಡುಗು ಕೇಳುತ್ತಿತ್ತು, ಲೋಡು ಹೇರಿದ ಲಾರಿ ಕೇಳುತ್ತಿತ್ತು. ನಮ್ಮ ಮಾತು ಅರಚಿದರೆ ಅರ್ಧಂಬರ್ಧ. ಗಿಟಾರು ಮಾತ್ರ ಒಂದೇ ಒಂದು ಸಲವೂ ಕೇಳಿರಲಿಲ್ಲ. ನಾನು ಜಗುಲಿಯಲ್ಲಿ ಕೂತು ನುಡಿಸುವಾಗ ನನ್ನ ಬೆರಳನ್ನೇ ನೋಡಿ, “ಏನಲೇ, ತುರಿಕೆನಾ? ಬೇವಿನ ಸೊಪ್ಪು ಹಚ್ಕ,” ಅನ್ನುತ್ತಿದ್ದ. ಅಮ್ಮ ನಗುತ್ತಿದ್ದಳು, ನಾನೂ ನಗುತ್ತಿದ್ದೆ. ಒಳಗೆ ನೋವಾಗುತ್ತಿತ್ತು. ಊರೆಲ್ಲ ಚಪ್ಪಾಳೆ ತಟ್ಟಿದರೂ ಅಪ್ಪನ ಲೆಕ್ಕದಲ್ಲಿ ನಾನು ಸುಮ್ಮನೆ ಕೈ ಆಡಿಸುವವನು. ಅವನಿಗೆ ಒಂದು ಸಲ ಕೇಳಿಸಿದರೆ ಸಾಕು ಅನ್ನುವುದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಇದನ್ನು ಯಜಮಾನನಿಗೆ ಹೇಳಲಿಲ್ಲ. ಹೇಳಿದ್ದರೆ, ಮದುವೆ ಮನೆಯವರಿಗೆ ಕೇಳಿಸೋದು ನೋಡಪ್ಪ ಅನ್ನುತ್ತಿದ್ದ.

ಭಾನುವಾರ ಬಂದರೆ ನಾನೂ ಯಜಮಾನನೂ ಪೆಟ್ಟಿಗೆ ಹುಡುಕಿ ಹೊರಡುತ್ತಿದ್ದೆವು. ಗಿಟಾರಿಗೆ ಗವಸು ಇರಲಿಲ್ಲ, ಗೋಣಿಚೀಲದಲ್ಲಿ ಸುತ್ತಿ ಬಗಲಲ್ಲಿ ಇಟ್ಟುಕೊಳ್ಳುತ್ತಿದ್ದೆ. ದುರ್ಗದ ಅಂಗಡಿಗಳನ್ನು ನೋಡಿ ಮುಗಿಸಿ ಹೊಳಲ್ಕೆರೆಗೆ ಹೋದೆವು. ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರದ ಮೈಕ್‌ಸೆಟ್ಟಿನವನು ತಗಡಿನ ಕಹಳೆ ಹಚ್ಚಿದ್ದೊಂದು ಸೆಟ್ಟು ತೋರಿಸಿದ. “ಮೂರೂರಿಗೆ ಕೇಳ್ತೈತ್ರಿ,” ಅಂದ. “ಮೂರೂರು ಬ್ಯಾಡ್ರಿ, ಮುಂದೆ ಕುಂತೋರಿಗೆ ನೆಟ್ಟಗೆ ಕೇಳಿದ್ರೆ ಸಾಕು,” ಅಂದ ಯಜಮಾನ. ನನ್ನ ಗಿಟಾರು ಅದರಲ್ಲಿ ನೆಗಡಿಯಾದ ಮೇಕೆಯ ಹಾಗೆ ಕೇಳಿತು. ಅಂಗಡಿಯವನಿಗೆ ಅದೇ ಬಹಳ ಹಿಡಿಸಿ ಇನ್ನೊಂದು ಸಲ ಬಾರಿಸಿ ಅಂದ. ಬಾರಿಸಿದೆ. ವಾಪಸು ಬರುವಾಗ ಬಸ್ಸಿನಲ್ಲಿ ನಿಂತೇ ನಿದ್ದೆ ಮಾಡಿದೆ.

ಹೊಸದುರ್ಗದಲ್ಲಿ ಹೊಸ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಇತ್ತು. ಹಗುರ, ಕೈಯಲ್ಲಿ ತೂಗಾಡಿಸಿಕೊಂಡು ಹೋಗಬಹುದು. ಯಜಮಾನ ಹಾಡಿದ, ತೊಳೆದ ಲೋಟದ ಹಾಗೆ ಸ್ವಚ್ಛವಾಗಿ ಬಂತು. ಆತನ ಮುಖ ಅರಳಿತು. ನನ್ನ ಸರದಿ ಬಂದಾಗ ಗುಂಡಿಯನ್ನು ಪೂರ್ತಿ ತಿರುಗಿಸಿದೆ. ಒಂದು ಸಲ ಪರಪರ ಅಂದು ಪಟ್ ಎಂದು ನಿಂತೇಹೋಯಿತು. ಅಂಗಡಿಯವನು ನನ್ನನ್ನು ಬಾಯಿಗೆ ಬಂದಂತೆ ಬೈದ. ಬೈಯದೆ ಏನು ಮಾಡುತ್ತಾನೆ? ವಾಪಸು ಬರುವಾಗ ಹಾಲುರಾಮೇಶ್ವರದ ಯಾತ್ರೆ ಮುಗಿಸಿದವರಿಂದ ಬಸ್ಸು ಕಿಕ್ಕಿರಿದಿತ್ತು. ಯಾರದೋ ತೀರ್ಥದ ಬಾಟಲಿ ನನ್ನ ಪಕ್ಕೆಗೆ ಒತ್ತುತ್ತಿತ್ತು. “ಅದೇ ಸರಿಯಾಗಿತ್ತಪ್ಪ, ನೀನು ಕೆಡಿಸಿದೆ,” ಅಂತ ಯಜಮಾನ ದಾರಿಯುದ್ದಕ್ಕೂ ಗೊಣಗಿದ. ನನಗೆ ಜಗಳಕ್ಕೂ ಶಕ್ತಿ ಇರಲಿಲ್ಲ. ಸಾಕಪ್ಪ ಈ ಗಿಟಾರು, ಮಾರಿಬಿಡೋಣ ಅನ್ನಿಸಿತು.

ಕೊನೆಗೆ ಸಿಕ್ಕಿದ್ದು ಹಿರಿಯೂರಿನಲ್ಲಿ. ರೇಡಿಯೋ ರಿಪೇರಿ ಮಾಡುವ ಒಬ್ಬಾತ, ಮುಚ್ಚಿಹೋದ ಟೆಂಟ್ ಸಿನಿಮಾದ, ಗಾಜಿನ ಬುರುಡೆಯಂಥ ವಾಲ್ವುಗಳಿದ್ದ ಆಂಪ್ಲಿಫೈಯರನ್ನೂ ಪರದೆಯ ಹಿಂದಿನ ಸ್ಪೀಕರನ್ನೂ ತಂದು ಒಂದೇ ಮರದ ಪೆಟ್ಟಿಗೆಯಲ್ಲಿ ಕೂರಿಸಿದ್ದ. ನೋಡಲು ಗೋಧಿ ತುಂಬುವ ಪೆಟ್ಟಿಗೆ. ಎತ್ತಲು ಇಬ್ಬರು ಬೇಕು. ಯಜಮಾನ ಹಾಡಿದ; ದನಿಗೆ ಒಂದಿಷ್ಟು ತುಪ್ಪ ಸವರಿದಂತೆ ಬಂತು. ನಾನು ಗುಂಡಿ ತಿರುಗಿಸುತ್ತ ಹೋದೆ. ಅರ್ಧದವರೆಗೆ ಸಭ್ಯ. ಅರ್ಧ ದಾಟಿದ ಮೇಲೆ ಒಳಗಿನ ವಾಲ್ವುಗಳು ಕೆಂಪಾದವು, ಸದ್ದಿನ ಅಂಚು ಹರಿಯತೊಡಗಿತು, ಆ ಗುರುಗುಡಿಕೆ ಇಣುಕಿತು. ಅಷ್ಟರಲ್ಲಿ ರಿಪೇರಿಯವನು ಬಂದು ನನ್ನ ಕೈಗೆ ಪಟಾರನೆ ಹೊಡೆದ. “ಅರ್ಧ ದಾಟಿದ್ರೆ ವಾಲ್ವ್ ಉಡೀಸ್ ಆಗ್ತಾವ್ರಿ! ಅವು ಎಲ್ಲೂ ಸಿಗಾಕಿಲ್ಲ!”

ಕೊಂಡೆವು. ಯಜಮಾನ ಅಲ್ಲೇ ಒಂದು ದಾರ ಕೇಳಿ, ಅರ್ಧಕ್ಕಿಂತ ಮುಂದೆ ತಿರುಗದ ಹಾಗೆ ಆ ಗುಂಡಿಯನ್ನು ಬಿಗಿದು ಕಟ್ಟಿದ. “ಒಂದೇ ಪೆಟ್ಟಿಗೆ, ಇಬ್ಬರಿಗೂ ಆತು,” ಅಂದ. ಆತನಿಗೆ ಆತು. ನನಗೆ ಸಿಕ್ಕಿದ್ದು ದಾರ.

ನಮ್ಮ ಮನೆಯಲ್ಲಿ ಜಾಗ ಇದ್ದದ್ದರಿಂದ ಪೆಟ್ಟಿಗೆಯನ್ನು ನಮ್ಮಲ್ಲೇ ಇಡುವುದು ಅಂತಾಯಿತು. ಬಸ್ಸಿನ ಮೇಲೆ ಹಾಕಿ ತಂದು, ಹಳ್ಳಿಯ ದಾರಿಯಲ್ಲಿ ಇಬ್ಬರೂ ಹೊತ್ತು, ಅಂಗಳಕ್ಕೆ ಬರುವ ಹೊತ್ತಿಗೆ ಜೀವ ಬಾಯಿಗೆ ಬಂದಿತ್ತು. ಅಪ್ಪ ಅದನ್ನು ಬರೀ ನೆಲದ ಮೇಲೆ ಇಡಲು ಬಿಡಲಿಲ್ಲ. ಸದ್ದು ಮಾಡುವ ವಸ್ತು ನೆಲಕ್ಕೆ ತಾಗಬಾರದು ಅನ್ನುವುದು ಅವನ ಕಟ್ಟಳೆ. ಡೊಳ್ಳಿನ ಕೆಳಗೆ ಹಾಸುವ ಕರಿ ಕಂಬಳಿಯನ್ನೇ ತಂದು ಹಾಸಿದ. ಆಮೇಲೆ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಮುಂಭಾಗದ ಬಟ್ಟೆ ಸರಿಸಿ, ಒಳಗಿನ ಕಾಗದದ ಬೋಗುಣಿಯಂಥ ಸ್ಪೀಕರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದ. ಡೊಳ್ಳಿನ ಚರ್ಮ ನೋಡುವುದು ಹಾಗೆಯೇ. “ಸಡ್ಲ ಐತೆ,” ಅಂದ. ನಾನು ನಕ್ಕು ಒಳಗೆ ಹೋದೆ. ಬೆನ್ನು ನೆಲ ಬೇಡುತ್ತಿತ್ತು.

ಆಷಾಢದ ಕೊನೆ ಅದು. ಶ್ರಾವಣದಲ್ಲಿ ತಾಳ್ಯದಲ್ಲಿ ಒಂದು ಮದುವೆ ಒಪ್ಪಿಕೊಂಡಿದ್ದೆವು. ದಿನವಿಡೀ ಜಿಟಿಜಿಟಿ ಹನಿ, ಜೊತೆಗೆ ಬಿಡದ ಗಾಳಿ. ನಮ್ಮ ಮನೆಯಲ್ಲಿ ಅಭ್ಯಾಸಕ್ಕೆ ಕೂತರೆ ಪೆಟ್ಟಿಗೆಯ ದನಿ ಮಂಕಾಗಿ ಬರುತ್ತಿತ್ತು. ಯಜಮಾನ ಹಾಡು ನಿಲ್ಲಿಸಿ ಮುಖ ಕಿವುಚುವುದು, ಗುಂಡಿಯ ದಾರ ಸಡಿಲವಾಗಿದೆಯೇ ಅಂತ ನೋಡುವುದು, ಮತ್ತೆ ಹಾಡುವುದು. ಅಪ್ಪ ಬಾಗಿಲಲ್ಲಿ ಕೂತು ನಮ್ಮ ಮುಖಗಳನ್ನು ಓದುತ್ತಿದ್ದ. ಏನೂ ಕೇಳಿಸದವನಿಗೆ ಎಲ್ಲವೂ ಗೊತ್ತಾಗಿಬಿಟ್ಟಿತ್ತು: ಪೆಟ್ಟಿಗೆಗೆ ಹದ ಬಂದಿಲ್ಲ.

ಆ ವಾರದ ಶನಿವಾರ ಮಳೆ ಬಿಟ್ಟಿತ್ತು, ಮಿಲ್ಲು ಅರ್ಧ ದಿನ. ಮಧ್ಯಾಹ್ನ ಮನೆಗೆ ಬಂದರೆ ಅಂಗಳದಲ್ಲಿ ಹುಲ್ಲಿನ ಬೂದಿ. ಪೆಟ್ಟಿಗೆ ಕಂಬಳಿಯ ಮೇಲೆಯೇ ಇದೆ, ಆದರೆ ಹೊರಗೆ. ಮುಂದಿನ ಬಟ್ಟೆ ಬಿಚ್ಚಿದೆ. ಥಂಡಿಗೆ ಡೊಳ್ಳಿನ ಚರ್ಮ ಸಡಿಲವಾದರೆ ಹುಲ್ಲಿನ ಬೆಂಕಿ ಹಾಕಿ, ಅದರ ಕಾವಿಗೆ ದೂರದಿಂದ ಹಿಡಿದು, ಬೆರಳಲ್ಲಿ ತಟ್ಟಿ ತಟ್ಟಿ ಹದ ನೋಡುವುದು ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಬಂದ ಪದ್ಧತಿ. ಅಪ್ಪ ಆ ಪೆಟ್ಟಿಗೆಗೂ ಅದನ್ನೇ ಮಾಡಿದ್ದ. ಕಾಗದ ಅಂಚಿನಲ್ಲಿ ಕಂದಿ ಹಪ್ಪಳವಾಗಿತ್ತು. ಹದ ನೋಡಲು ತಟ್ಟಿದ್ದಾನೆ. ಡೊಳ್ಳು ಬಾರಿಸುವ ಕೈ; ಕಾಗದ ಪಕ್ಕದಲ್ಲಿ ಗೇಣುದ್ದ ಹರಿದು ಬಾಯಿ ಬಿಟ್ಟಿತ್ತು.

“ಚರ್ಮ ಹಳೇದಲೇ,” ಅಂದ ಅಪ್ಪ, ನನ್ನ ಮೇಲೆಯೇ ಕನಿಕರದಿಂದ. “ಹಿರಿಯೂರಾನು ನಿಂಗೆ ಟೋಪಿ ಹಾಕ್ಯಾನೆ.”

ನಾನು ಕೂಗಾಡಿದೆ. ಏನೇನು ಅಂದೆನೋ, ಅವನಿಗಂತೂ ಕೇಳಿಸಲಿಲ್ಲ. ಕಿವುಡರ ಮೇಲೆ ಸಿಟ್ಟು ಮಾಡುವುದರಷ್ಟು ಸುಸ್ತಿನ ಕೆಲಸ ಇನ್ನೊಂದಿಲ್ಲ. ಪೂರ್ತಿ ಬೈದು ಮುಗಿಸಿದ ಮೇಲೆ, “ಏನಂದೆ?” ಅನ್ನುತ್ತಾರೆ. ಅಪ್ಪ ಅದನ್ನೇ ಅಂದ. ನಾನು ಏನಿಲ್ಲ ಅಂತ ಕೈ ಆಡಿಸಿದೆ.

ಯಜಮಾನ ಅಭ್ಯಾಸಕ್ಕೆ ಬಂದವನು ಪೆಟ್ಟಿಗೆ ನೋಡಿ ತಲೆಯ ಮೇಲೆ ಕೈ ಹೊತ್ತು ಕೂತ. ನೋಡೋಣ ಅಂತ ಒಳಗಿಟ್ಟು ಕರೆಂಟು ಕೊಟ್ಟೆವು. ಒಂದು ಸಾಲು ಹಾಡಿದ. ಸಕ್ಕರೆಯಂಥ ಆ ದನಿ ಬೆಂಕಿಪೊಟ್ಟಣದಲ್ಲಿ ಸಿಕ್ಕಿಕೊಂಡ ಜೀರುಂಡೆಯ ಹಾಗೆ ಬಂತು. ಆತ ಎರಡನೆಯ ಸಾಲು ಹಾಡಲಿಲ್ಲ. ಮೈಕನ್ನು ಮೆತ್ತಗೆ ಕೆಳಗಿಟ್ಟು, ಹೊರಗೆ ನೋಡುತ್ತ ಕೂತ. ಆತನ ಕಣ್ಣು ತುಂಬಿದ್ದನ್ನು ನೋಡಿ ನನಗೂ ಸಂಕಟವಾಯಿತು.

ಹೇಗೂ ಹಾಳಾಗಿದೆ, ಇನ್ನು ಕಾಪಾಡುವುದೇನಿದೆ ಅನ್ನಿಸಿ ಗುಂಡಿಯ ದಾರವನ್ನು ಕಿತ್ತೆಸೆದೆ. ಗಿಟಾರು ಸಿಕ್ಕಿಸಿ, ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ, ದಪ್ಪ ತಂತಿಯ ಮೇಲೆ ಕೈ ಎಳೆದೆ.

ಮನೆ ಗುರುಗುಟ್ಟಿತು. ರೇಡಿಯೋದಲ್ಲಿ ಕೇಳಿದ್ದು ಅದೇ, ಅದಕ್ಕಿಂತ ಒರಟು. ಹರಿದ ಕಾಗದ ಪಟಪಟ ಅದುರುತ್ತಿತ್ತು, ಗೂಡಿನಲ್ಲಿದ್ದ ಹಿತ್ತಾಳೆ ಚೊಂಬುಗಳು ಅಲುಗಿದವು, ಅಡಿಗೆಮನೆಯಿಂದ ಅಮ್ಮ ಸಿಲಿಂಡರ್ ಸಿಡಿದ ಹಾಗೆ ಓಡಿ ಬಂದಳು, ನಮ್ಮಲ್ಲಿ ಸಿಲಿಂಡರ್ ಇರದಿದ್ದರೂ. ಅಪ್ಪ ಅಂಗಳದಲ್ಲಿ ನಮಗೆ ಬೆನ್ನು ಮಾಡಿ ಕುರಿಮರಿಯ ಕಾಲಿನ ಮುಳ್ಳು ತೆಗೆಯುತ್ತ ಕೂತಿದ್ದ. ಬೆನ್ನು ನೆಟ್ಟಗಾಯಿತು. ಮರಿಯನ್ನು ಬಿಟ್ಟ. ತಿರುಗಿದ.

“ಯಾರಲೇ ಅದು?” ಅಂದ.

ನಾನು ಇನ್ನೊಮ್ಮೆ ಎಳೆದೆ. ಅಪ್ಪ ಎದ್ದು ಒಳಗೆ ಬಂದು, ನನ್ನ ಬೆರಳನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ, ಮತ್ತೆ ಬೆರಳನ್ನು ನೋಡಿದ. ಆಮೇಲೆ ಪೆಟ್ಟಿಗೆಯ ನೆತ್ತಿಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ. ನಾನು ಬಾರಿಸುತ್ತಲೇ ಹೋದೆ. ಯಾವ ಹಾಡೂ ಅಲ್ಲ, ಅವನ ಡೊಳ್ಳಿನ ಗತ್ತುಗಳನ್ನೇ ತಂತಿಯ ಮೇಲೆ ಹೊಡೆದೆ. ಅವನ ಇನ್ನೊಂದು ಕೈ ತೊಡೆಯ ಮೇಲೆ ತಾಳ ಹಾಕತೊಡಗಿತು, ಒಂದು ಪೆಟ್ಟೂ ತಪ್ಪದ ಹಾಗೆ. “ಈಗ ಹದ ಆತು,” ಅಂದ. “ಬೆಂಕಿಗೆ ಹಿಡಿದಿದ್ದಕ್ಕೆ ಆತು.” ನನಗೆ ಆ ಮಧ್ಯಾಹ್ನ ಆದಷ್ಟು ಸಂತೋಷ ಮುಂದೆ ಯಾವ ವೇದಿಕೆಯಲ್ಲೂ ಆಗಲಿಲ್ಲ. ಅಳು ಬಂತು. ಬಾರಿಸುತ್ತಿದ್ದುದರಿಂದ ಮುಖ ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಯಜಮಾನ ಮೂಲೆಯಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದ. ಎಲ್ಲ ಮುಗಿದ ಮೇಲೆ ಮೆಲ್ಲಗೆ ಕೇಳಿದ: “ಏನಪ್ಪ, ತಾಳ್ಯದಾಗೆ ನಾನು ಹೆಂಗೆ ಹಾಡ್ಲಿ?”

ಇರುವುದು ಒಂದು ಪೆಟ್ಟಿಗೆ, ಅದರಲ್ಲಿ ಒಂದು ಸ್ಪೀಕರು. ಹರಿದದ್ದು ಹಾಗೇ ಇದ್ದರೆ ಅಪ್ಪನಿಗೆ ಕೇಳಿಸುತ್ತದೆ. ಸರಿ ಮಾಡಿಸಿದರೆ ಯಜಮಾನ ಹಾಡುತ್ತಾನೆ. ಬೇರೆ ಸ್ಪೀಕರು ಹಾಕಿಸಿ ಇದನ್ನು ನನಗೆ ಬಿಡೋಣ ಅಂದರೆ ಆ ಅಳತೆಯದು ಬೇರೆ ಸಿಗುವುದಿಲ್ಲ, ಹಿರಿಯೂರಿನವನು ಹೊಸ ಕಾಗದ ಅಂಟಿಸಬೇಕಾದದ್ದು ಇದೇ ಕಬ್ಬಿಣದ ಚೌಕಟ್ಟಿಗೆ. ಎರಡು ದಿನ ಯೋಚಿಸಿದೆ. ಯೋಚನೆ ಅನ್ನುವುದೂ ದೊಡ್ಡ ಮಾತು, ಮಿಲ್ಲಿನಲ್ಲಿ ಹತ್ತಿಯ ಮೂಟೆಗಳ ನಡುವೆ ಸುಮ್ಮನೆ ಕೂತಿದ್ದೆ. ಆ ಮನುಷ್ಯ ಮೈಕು ಕೆಳಗಿಟ್ಟ ರೀತಿಯೇ ಕಣ್ಣ ಮುಂದೆ ಬರುತ್ತಿತ್ತು. ಕೊನೆಗೆ ನಾನೇ, “ನಡೀರಿ, ಹಿರಿಯೂರಿಗೆ ಹೋಗಾಣ,” ಅಂದೆ. ಪೆಟ್ಟಿಗೆಯ ಒಂದು ಬದಿಯನ್ನು ಬಲ ಭುಜದ ಮೇಲೆ ಹೊತ್ತೆ. ರಿಪೇರಿಯವನು ಹೊಸ ಕಾಗದ ಹಾಕಿದ. ಯಜಮಾನನ ಮಾತಿನಂತೆ, ಈ ಸಲ ಗುಂಡಿಯನ್ನೇ ಕಿತ್ತು, ಸದ್ದನ್ನು ಅರ್ಧಕ್ಕೆ ಕಾಯಂ ಮಾಡಿ ಬೆಸುಗೆ ಹಾಕಿಕೊಟ್ಟ.

ತಾಳ್ಯದ ಮದುವೆಗೆ ಅಪ್ಪನೂ ಬಂದ. ಅದುವರೆಗೆ ಒಂದು ಕಾರ್ಯಕ್ರಮಕ್ಕೂ ಬಂದವನಲ್ಲ. ಒಗೆದ ಪಂಚೆ, ರುಮಾಲು, ಹೆಗಲಿಗೆ ಪೆಟ್ಟಿಗೆಗೆ ಹಾಸುವ ಕಂಬಳಿ. ಚಪ್ಪರದಡಿ ಮುಂದಿನ ಸಾಲಿನಲ್ಲಿ, ಬೀಗರಿಗೆ ಮೀಸಲಿಟ್ಟ ಕುರ್ಚಿಯಲ್ಲೇ ಕೂತುಬಿಟ್ಟ. “ಅತ್ಲಾಗೆ ಕುಂತ್ಕಳ್ರಿ ಹಿರಿಯರೆ,” ಅಂದವರ ಮಾತು ಕೇಳಿಸಿದರೆ ತಾನೇ ಏಳುವುದು? ಯಜಮಾನ ಆ ದಿನ ಹಾಡಿದ ಹಾಗೆ ಯಾವತ್ತೂ ಹಾಡಿರಲಿಲ್ಲ. ಊಟದ ಎಲೆ ಬಿಟ್ಟು ಎದ್ದು ಬಂದು ಕೇಳಿದವರಿದ್ದಾರೆ. ನನ್ನ ಗಿಟಾರೂ ಸ್ವಚ್ಛವಾಗಿ, ಸಭ್ಯವಾಗಿ, ಒಳ್ಳೆಯ ಮನೆತನದ ಸೊಸೆಯಂತೆ ನುಡಿಯಿತು. ಅಪ್ಪ ಮೊದಲ ಹಾಡಿಗೆ ತೊಡೆಯ ಮೇಲೆ ಕೈ ಎತ್ತಿ ಕಾದ. ಎರಡನೆಯದಕ್ಕೂ ಕಾದ. ಆಮೇಲೆ ಆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ನನ್ನ ಬೆರಳುಗಳನ್ನೇ ನೋಡುತ್ತ ಕೂತ.

ಸಂಜೆಗೆ ಮುಂಚೆ ಲಾರಿಯಲ್ಲಿ ಪೆಟ್ಟಿಗೆಯ ಜೊತೆ ಹಿಂದೆ ಕೂತು ವಾಪಸು ಬರುವಾಗ ಅಪ್ಪ ನನ್ನ ಕಿವಿಯ ಹತ್ತಿರ ಬಾಗಿ ಕೂಗಿ ಹೇಳಿದ. ತನಗೆ ಕೇಳಿಸದ್ದು ನನಗೂ ಕೇಳಿಸುವುದಿಲ್ಲ ಅನ್ನುವುದು ಅವನ ಲೆಕ್ಕ.

“ಮತ್ತೆ ಸಡ್ಲ ಆಗೈತಲೇ. ಬ್ಯಾಸರ ಮಾಡ್ಕಬ್ಯಾಡ. ಬೆಳಗ್ಗೆ ಬೆಂಕಿಗೆ ಹಿಡಿಯಾಣ.”

ನಾನು ಬೇಡ ಅಂತ ತಲೆ ಆಡಿಸಿದೆ. ಲಾರಿ ಕುಲುಕುತ್ತಿತ್ತು, ಅವನಿಗೆ ಅದು ಹೂಂ ಅಂದ ಹಾಗೆ ಕಂಡಿರಬೇಕು. ಯಜಮಾನ ದುರ್ಗದಲ್ಲೇ ಪೆಟ್ಟಿಗೆಯನ್ನು ತನ್ನ ಮನೆಗೆ ಇಳಿಸಿಕೊಂಡ. ಅದರಲ್ಲಿ ತಪ್ಪೇನೂ ಇರಲಿಲ್ಲ. ಕಂಬಳಿಯನ್ನು ಅಪ್ಪ ಮಡಿಚಿ ಹೆಗಲಿಗೆ ಹಾಕಿಕೊಂಡ.

ಬೆಳಗ್ಗೆ ಎದ್ದರೆ ಅಪ್ಪ ಅಂಗಳದಲ್ಲಿ ಹುಲ್ಲು ಕೂಡಿಟ್ಟು, ಕಂಬಳಿ ಹಾಸಿ, ಬೆಂಕಿಪೊಟ್ಟಣ ಹಿಡಿದು ಕಾಯುತ್ತಿದ್ದ. “ಪೆಟ್ಟಿಗೆ ಯಾವಾಗ ಬರ್ತೈತೆ?” ಅಂದ. ಬರುವುದಿಲ್ಲ ಅಂತ ಹೇಗೆ ಅರಚುವುದು? ಅರಚಿದರೆ ಯಾಕೆ ಅಂತ ಕೇಳುತ್ತಾನೆ, ಆ ಯಾಕೆಯನ್ನು ಊರೆಲ್ಲ ಕೇಳುವಂತೆ ಕೂಗಿ ಹೇಳುವ ಶಕ್ತಿ ನನಗಿರಲಿಲ್ಲ. ಒಳಗೆ ಹೋಗಿ ಗೂಟಕ್ಕೆ ತೂಗಿಹಾಕಿದ್ದ ಡೊಳ್ಳನ್ನು ತಂದು ಅವನ ಮುಂದೆ ಇಟ್ಟೆ. ಅಪ್ಪ ಅದನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಹುಲ್ಲಿಗೆ ಬೆಂಕಿ ಹಚ್ಚಿ, ಕಾವಿಗೆ ಹಿಡಿದು, ತಟ್ಟಿ, ಕೊರಳಿಗೆ ಹಾಕಿಕೊಂಡ.

“ನೀನೂ ಹಿಡಿ,” ಅಂದ.

ಗಿಟಾರು ತಂದು, ವೈರು ಎಲ್ಲಿಗೂ ಸಿಕ್ಕಿಸದೆ, ಕಂಬಳಿಯ ಮೇಲೆ ಕೂತೆ. ಅಪ್ಪ ನನ್ನ ಬೆರಳು ನೋಡಿಕೊಂಡು ಬಾರಿಸತೊಡಗಿದ. ನಾನು ಅವನ ಕೈ ನೋಡಿಕೊಂಡು ನುಡಿಸಿದೆ. ಆ ಡೊಳ್ಳಿನ ಮುಂದೆ ನನ್ನ ಗಿಟಾರು ನನಗೂ ಕೇಳಿಸಲಿಲ್ಲ. ನಾವು ನಿಲ್ಲಿಸಲಿಲ್ಲ.